ಭಾನುವಾರದ ಆಟಕ್ಕೆ ಬೀಗವೇಕೆ?

ಮೂರೂವರೆ ದಶಕಗಳ ಹಿಂದೆ ನಾನು ಹುಣಸೂರು ಉಪವಿಭಾಗದಲ್ಲಿ ಕಂದಾಯ ಅಧಿಕಾರಿಯಾಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳೇ ಅದರ ವ್ಯಾಪ್ತಿ; ಸರಗೂರು, ಸಾಲಿಗ್ರಾಮಗಳು ಆಗಿನ್ನೂ ಪ್ರತ್ಯೇಕ ತಾಲ್ಲೂಕುಗಳಾಗಿರಲಿಲ್ಲ. ಭಾನುವಾರ ಸಂಜೆ ಊರಾಚೆಯ ಒಂದು ಗೋಮಾಳದಲ್ಲಿ ನಾವು ಕೆಲವರು ಫುಟ್‌ಬಾಲ್ ಆಡುತ್ತಿದ್ದೆವು. ಗುಮಾಸ್ತರು, ಉಪನ್ಯಾಸಕರು, ಬಸ್ ನಿರ್ವಾಹಕರೊಬ್ಬರು, ರೈತರ ಮಕ್ಕಳು, ಜೊತೆಗೆ ಟಿಬೆಟನ್ ಶಿಬಿರದ ನಾಲ್ಕೈದು ಯುವಕರು.

ಕಬಡ್ಡಿ, ವಾಲಿಬಾಲ್‌ಗಳ ಈ ಸೀಮೆಗೆ ಫುಟ್‌ಬಾಲಿನ ಗೀಳು ಹತ್ತಲು ಶಿಬಿರಗಳ ಪಾಲೂ ಇದೆಯೆಂಬುದು ನನ್ನ ಅನಿಸಿಕೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, ಮುಂದಿನ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ನೆಲೆಗೊಂಡ ಟಿಬೆಟನ್ನರಿಗೆ ಈ ಆಟ ಪ್ರಾಣಪ್ರಿಯ. ದಲೈಲಾಮಾ ಅವರ ತಾಯಿಯ ಸ್ಮರಣಾರ್ಥ ಅವರು ನಡೆಸುವುದು ಫುಟ್‌ಬಾಲ್ ಪಂದ್ಯಾವಳಿಯನ್ನೇ. ಫಿಫಾ ಮಾನ್ಯತೆ ಇಲ್ಲದಿದ್ದರೂ 2001ರಲ್ಲಿ ಟಿಬೆಟ್ ತಂಡ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4–1ರಿಂದ ಸೋತಿತು.

ನಮ್ಮ ಆಟಕ್ಕೆ ತೀರ್ಪುಗಾರರಿರಲಿಲ್ಲ. ಏಟು ತಿಂದವನು ಕೂಗಿದರೆ ಫೌಲ್. ಸುಳ್ಳು ಕೂಗಿದವನಿಗೆ ಮುಂದಿನ ವಾರ ಯಾರೂ ಚೆಂಡು ಕೊಡುತ್ತಿರಲಿಲ್ಲ. ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿ ಬಿದ್ದ ತಿಂಗಳುಗಳಲ್ಲಿ ಅರ್ಧದಷ್ಟು ಮಂದಿ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಸೌದೆ ಒಡ್ಡಿದವನ ಕಾಲು ಸಂಜೆ ಓಡುವುದೇ? ಆಗ ನಾಲ್ಕು ಕಲ್ಲುಗಳನ್ನು ಹತ್ತಿರಕ್ಕೆ ಎಳೆದು ಮೈದಾನವನ್ನೇ ಕಿರಿದು ಮಾಡಿಕೊಳ್ಳುತ್ತಿದ್ದೆವು. ಸಾಮೂಹಿಕ ಸಂಪತ್ತನ್ನು ಬಳಸುವವರೇ ನಿಯಮ ರಚಿಸಿಕೊಂಡು ಕಾಪಾಡಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆತಾಗ ನನಗೆ ನೆನಪಾದದ್ದು ಆ ಕಲ್ಲುಗಳು.

ಆ ಮೈದಾನ ಈಗಿಲ್ಲ. 1991ರ ತಿದ್ದುಪಡಿಯ ಬಳಿಕ ನಮೂನೆ 50ರಲ್ಲಿ, ಮುಂದೆ ನಮೂನೆ 53 ಮತ್ತು 57ರಲ್ಲಿ ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕೆ ಅರ್ಜಿಗಳು ಬಂದವು. ನಾವು ಆಡುತ್ತಿದ್ದ ಸರ್ವೆ ನಂಬರಿನ ಕಡತ ನನ್ನ ಮೇಜನ್ನೂ ಹಾದುಹೋಯಿತು. ಪಹಣಿಯಲ್ಲಿ ಆಟದ ಸುಳಿವೇ ಇರಲಿಲ್ಲ. ನಾನೂ ಟಿಪ್ಪಣಿಯಲ್ಲಿ ಬರೆಯಲಿಲ್ಲ. ಅರ್ಜಿದಾರರು ತುಂಡು ಭೂಮಿಯೂ ಇಲ್ಲದವರು. ಅವರಿಗೆ ಭೂಮಿ ಕೊಟ್ಟದ್ದು ತಪ್ಪೆಂದು ಇಂದಿಗೂ ಹೇಳಲಾರೆ. ಆದರೆ ಮೂಲೆಯಲ್ಲಿ ಒಂದು ಎಕರೆಯನ್ನು ಬಿಡಿಸಿ ಇಡಬಹುದಿತ್ತು. ಅಂತರರಾಷ್ಟ್ರೀಯ ಪಂದ್ಯಕ್ಕೆ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ ಸುಮಾರು ಒಂದೂಮುಕ್ಕಾಲು ಎಕರೆ ಬೇಕು; ಗೆಳೆಯರ ಆಟಕ್ಕೆ ಒಂದು ಎಕರೆಯೇ ಧಾರಾಳ.

ಹೋದ ಜಾಗ ಹೋಯಿತು. ಉಳಿದಿರುವ ಜಾಗಗಳಲ್ಲಿ ಮುಖ್ಯವಾದವು ಸರ್ಕಾರಿ ಶಾಲೆಗಳ ಅಂಗಳಗಳು. ಅವುಗಳಿಗೆ ರಜಾದಿನ ಬೀಗ. ಇತ್ತೀಚೆಗೆ ಆ ಕಡೆ ಹೋದಾಗ ಒಂದು ಶಾಲೆಯ ಗೇಟಿನ ಮೇಲಿಂದ ಮೊದಲು ಚೆಂಡು, ಹಿಂದೆಯೇ ಹುಡುಗರು ಹಾರಿದ್ದನ್ನು ಕಂಡೆ. ಹುಡುಗಿಯರು ಹೊರಗೇ ನಿಂತಿದ್ದರು. ತಾಲ್ಲೂಕು ಕೇಂದ್ರಕ್ಕೊಂದು ಕ್ರೀಡಾಂಗಣ ಕಟ್ಟಿದರೆ ಇಪ್ಪತ್ತು ಕಿ.ಮೀ. ದೂರದ ಹಳ್ಳಿಯ ಮಕ್ಕಳಿಗೆ ಅದು ಉದ್ಘಾಟನೆಯ ಫೋಟೋದಲ್ಲಷ್ಟೇ ಕಾಣುತ್ತದೆ.

ಸರ್ಕಾರ ಹೊಸದಾಗಿ ಹಣ ಒದಗಿಸುವ ಅಗತ್ಯವಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಭಾನುವಾರ ಸಂಜೆ ಎರಡು ಗಂಟೆ ಕಾಲ ಬೀಗದ ಕೈಯನ್ನು ಊರಿನ ಆಟಗಾರರಿಗೇ ವಹಿಸಲಿ. ಕಿಟಕಿಯ ಗಾಜು ಒಡೆದರೆ ಹೊಣೆ ಯಾರದೆಂದು ಮುಖ್ಯೋಪಾಧ್ಯಾಯರು ಕೇಳುವುದು ಸಹಜ, ನ್ಯಾಯವೂ ಹೌದು. ನಮ್ಮ ಕಾಲದಲ್ಲಿ ಚೆಂಡು ಪಕ್ಕದ ಮನೆಯ ಹೆಂಚು ಒಡೆದಾಗ ಒದ್ದವನು ಅರ್ಧ, ಉಳಿದವರೆಲ್ಲ ಸೇರಿ ಅರ್ಧ ಹಣ ಕೊಡುತ್ತಿದ್ದೆವು. ನಾನು ಎರಡು ಸಲ ಕೊಟ್ಟಿದ್ದೇನೆ.