ವೇಗದ ಓಟವೂ ಅಭಿಮಾನಿಯ ಮೂಕರ್ಜಿಯೂ

2025ರ ಡಿಸೆಂಬರ್ 7, ಭಾನುವಾರ. ತೋಟದಲ್ಲಿ ಅರೇಬಿಕಾ ಕೊಯ್ಲು ನಡೆದಿತ್ತು. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ನನ್ನ ಸೋದರಳಿಯ ಎರಡು ದಿನದ ರಜೆಯ ಮೇಲೆ ನಾಪೋಕ್ಲುವಿಗೆ ಬಂದಿದ್ದ. ಸಂಜೆ ಆರೂವರೆಗೆ ಅಬುಧಾಬಿಯಲ್ಲಿ ಫಾರ್ಮುಲಾ ಒನ್ ಋತುವಿನ ಕೊನೆಯ ಓಟ ಆರಂಭವಾಯಿತು. ಅವನು ಲ್ಯಾಪ್‌ಟಾಪ್ ಮುಂದೆ ಕುಳಿತವನು ಎದ್ದದ್ದು ರಾತ್ರಿಯೇ. ಓಟವನ್ನು ಗೆದ್ದವನು ಅವನ ಆರಾಧ್ಯನಾದ ಮ್ಯಾಕ್ಸ್ ವರ್ಸ್ಟಾಪನ್. ಆದರೆ ಮೂರನೆಯ ಸ್ಥಾನದಲ್ಲಿ ಗುರಿ ಮುಟ್ಟಿದ ಮೆಕ್‌ಲಾರೆನ್ ತಂಡದ ಲ್ಯಾಂಡೊ ನಾರಿಸ್ ವಿಶ್ವ ಚಾಂಪಿಯನ್ ಆದ. 24 ಓಟಗಳ ನಂತರ ಅಂತರ ಕೇವಲ ಎರಡು ಅಂಕ: ನಾರಿಸ್ 423, ವರ್ಸ್ಟಾಪನ್ 421.

ಊಟದ ಹೊತ್ತಿನಲ್ಲಿ ಅವನ ಸಿಟ್ಟು ಇನ್ನೂ ಆರಿರಲಿಲ್ಲ. ಮಾತಿನ ನಡುವೆ ಅವನೇ ಒಂದು ಸಂಗತಿ ಹೇಳಿದ. ಅದಕ್ಕೂ ಹಿಂದಿನ ಭಾನುವಾರ ಕತಾರ್‌ನಲ್ಲಿ ಓಟದ ಕೊನೆಯ ಹಂತದಲ್ಲಿ ಮರ್ಸಿಡಿಸ್ ತಂಡದ ಕಿಮಿ ಆಂಟೊನೆಲ್ಲಿ ತಪ್ಪಿ ರಸ್ತೆಯಂಚಿಗೆ ಜಾರಿದ್ದರಿಂದ ನಾರಿಸ್ ಐದನೆಯ ಸ್ಥಾನದಿಂದ ನಾಲ್ಕಕ್ಕೆ ಏರಿದ್ದ. ಎರಡು ಅಂಕಗಳ ಲಾಭ. ಆ ರಾತ್ರಿಯೇ ನನ್ನ ಅಳಿಯ ಆಂಟೊನೆಲ್ಲಿಯ ಖಾತೆಗೆ ಒಂದು ಸಾಲು ಬರೆದು ಕಳುಹಿಸಿದ್ದನಂತೆ. ಏನು ಬರೆದೆ ಎಂದು ಕೇಳಿದೆ. ಹೇಳಲಿಲ್ಲ. ‘ನಾನೊಬ್ಬನೇ ಅಲ್ಲ ಮಾವ, ಸಾವಿರ ಜನ ಬರೆದಿದ್ದಾರೆ’ ಎಂದ. ಅದು ನಿಜವೇ ಆಗಿತ್ತು. ಆಂಟೊನೆಲ್ಲಿಗೆ ಬಂದ ತೀವ್ರ ಅಥವಾ ಶಂಕಾಸ್ಪದ ಸಂದೇಶಗಳ ಸಂಖ್ಯೆ 1,100ಕ್ಕೂ ಹೆಚ್ಚೆಂದು ಅವನ ತಂಡವೇ ಗುರುತಿಸಿತು. ಅವುಗಳಲ್ಲಿ ಕೊಲೆ ಬೆದರಿಕೆಗಳೂ ಇದ್ದವು. ಆಂಟೊನೆಲ್ಲಿಗೆ ಆಗ ಹತ್ತೊಂಬತ್ತು ವರ್ಷ.

ಓದಿದ, ಸಂಭಾವಿತನೆನಿಸಿದ, ಹಿರಿಯರ ಎದುರು ದನಿ ಏರಿಸದ ಹುಡುಗನೊಬ್ಬ ಏಕೆ ಹೀಗೆ ಬರೆಯುತ್ತಾನೆ? ಈ ಪ್ರಶ್ನೆ ನನ್ನನ್ನು ಹಲವು ದಿನ ಕಾಡಿತು. ‘ಇಂದಿನ ಯುವಕರೇ ಹೀಗೆ’ ಎಂದುಬಿಡುವುದು ಸುಲಭ. ಆದರೆ ಅಭಿಮಾನಿಗಳ ಸಿಟ್ಟೆಲ್ಲವೂ ಹುಚ್ಚಲ್ಲ. ಅದರಲ್ಲಿ ನ್ಯಾಯವಾದ ಪಾಲು ಎಷ್ಟು, ಅನ್ಯಾಯದ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡುವುದು ಅವಶ್ಯ.

2025ರ ಋತುವನ್ನೇ ತೆಗೆದುಕೊಳ್ಳೋಣ. ಆಗಸ್ಟ್ ಕೊನೆಯ ಡಚ್ ಓಟದ ನಂತರ ಮೆಕ್‌ಲಾರೆನ್‌ನ ಮತ್ತೊಬ್ಬ ಚಾಲಕ, ಆಸ್ಟ್ರೇಲಿಯಾದ ಆಸ್ಕರ್ ಪಿಯಾಸ್ಟ್ರಿ, ನಾರಿಸ್‌ಗಿಂತ 34 ಅಂಕ ಮುಂದಿದ್ದ. ವರ್ಸ್ಟಾಪನ್ 104 ಅಂಕ ಹಿಂದಿದ್ದ. ಮುಂದಿನ ವಾರ ಇಟಲಿಯ ಮೊಂಜಾದಲ್ಲಿ ಚಕ್ರ ಬದಲಿಸುವಾಗ ನಾರಿಸ್‌ಗೆ ವಿಳಂಬವಾಗಿ ಪಿಯಾಸ್ಟ್ರಿ ಮುಂದಾದ. ತಂಡ ಆತನಿಗೆ ಸ್ಥಾನ ಬಿಟ್ಟುಕೊಡಲು ಸೂಚಿಸಿತು. ಚಕ್ರ ಬದಲಿಸುವಲ್ಲಿನ ವಿಳಂಬವೂ ಓಟದ ಭಾಗವೇ ಅಲ್ಲವೇ ಎಂದು ಆತ ರೇಡಿಯೊದಲ್ಲಿ ಕೇಳಿದನಾದರೂ ಸೂಚನೆಯನ್ನು ಪಾಲಿಸಿದ. ಇದರ ನೆನಪಿನಲ್ಲಿ ಅಕ್ಟೋಬರ್‌ನಲ್ಲಿ ಮೆಕ್ಸಿಕೊ ನಗರದಲ್ಲಿ ನಾರಿಸ್ ಗೆದ್ದಾಗಲೂ ಪ್ರೇಕ್ಷಕರ ಒಂದು ವರ್ಗ ಆತನನ್ನು ಹೀಯಾಳಿಸಿ ಕೂಗಿತು. ಪಿಯಾಸ್ಟ್ರಿಗೆ ಅನ್ಯಾಯವಾಗುತ್ತಿದೆಯೇ ಎಂಬ ಪ್ರಶ್ನೆ ಆಸ್ಟ್ರೇಲಿಯಾದ ಸೆನೆಟ್ ಸಮಿತಿಯ ವಿಚಾರಣೆಯೊಂದರಲ್ಲಿಯೂ ಕೇಳಿಬಂತು.

ಅಭಿಮಾನಿಗಳ ಲೆಕ್ಕಾಚಾರ ಹೀಗಿದೆ: ಮೊಂಜಾದ ಆ ಅದಲು ಬದಲು ನಡೆಯದಿದ್ದಲ್ಲಿ ನಾರಿಸ್‌ಗೆ ಮೂರು ಅಂಕ ಕಡಿಮೆಯಾಗಿ 420 ಆಗುತ್ತಿತ್ತು, ವರ್ಸ್ಟಾಪನ್ ಒಂದು ಅಂಕದಿಂದ ಚಾಂಪಿಯನ್ ಆಗುತ್ತಿದ್ದ. ಲೆಕ್ಕ ಸರಿಯೇ. ಆದರೆ ‘ಇತರ ಸಂಗತಿಗಳು ಬದಲಾಗದಿದ್ದಲ್ಲಿ’ ಎಂಬ ಅರ್ಥಶಾಸ್ತ್ರದ ಹಳೆಯ ಷರತ್ತು ಇಲ್ಲಿ ಮರೆತುಹೋಗಿದೆ. ಮೂರನೆಯ ಸ್ಥಾನ ಸಾಕೆಂದು ತಿಳಿದವನು ಓಡಿಸುವ ರೀತಿ ಒಂದು, ಸಾಲದೆಂದು ತಿಳಿದವನು ಓಡಿಸುವ ರೀತಿ ಇನ್ನೊಂದು. ಇಪ್ಪತ್ತನಾಲ್ಕು ಓಟಗಳ ಪೈಕಿ ನಮಗೆ ಬೇಕಾದ ಒಂದು ಗಳಿಗೆಯನ್ನು ಹೆಕ್ಕಿ ತೆಗೆದು ಇಡೀ ವರ್ಷದ ತೀರ್ಪನ್ನು ಅದರ ಮೇಲೆ ನಿಲ್ಲಿಸಲಾಗದು.

ಹಾಗೆಂದು ಪ್ರೇಕ್ಷಕನ ಪ್ರತಿಭಟನೆ ನಿಷ್ಫಲವೆಂದೇನೂ ಅಲ್ಲ. 2002ರ ಮೇ ತಿಂಗಳಲ್ಲಿ ಆಸ್ಟ್ರಿಯಾದಲ್ಲಿ ಫೆರಾರಿ ತಂಡವು ಮುಂದಿದ್ದ ರೂಬೆನ್ಸ್ ಬ್ಯಾರಿಕೆಲ್ಲೊಗೆ ಗೆರೆಯ ಬಳಿ ವೇಗ ತಗ್ಗಿಸಿ ಮೈಕೆಲ್ ಶುಮಾಕರ್‌ಗೆ ಗೆಲುವು ಬಿಟ್ಟುಕೊಡುವಂತೆ ಆದೇಶಿಸಿತು. ನೆರೆದ ಜನ ಗೆದ್ದವನನ್ನೇ ಧಿಕ್ಕರಿಸಿ ಕೂಗಿದರು. ಫಲಿತಾಂಶದ ಮೇಲೆ ಪ್ರಭಾವ ಬೀರುವ ತಂಡದ ಆದೇಶಗಳನ್ನು 2003ರಿಂದ ನಿಷೇಧಿಸಲಾಯಿತು. ಆ ನಿಷೇಧ 2010ರವರೆಗೆ ಇತ್ತು. 2005ರ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರುಗಳು ಸುರಕ್ಷಿತವಲ್ಲವೆಂದು 14 ಕಾರುಗಳು ಹಿಂದೆ ಸರಿದು, ಆರು ಕಾರುಗಳಷ್ಟೇ ಓಡಿದವು. ನಮ್ಮ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಐದು ಅಂಕ ಗಳಿಸಿದ್ದು ಅಂದೇ. ಅಲ್ಲಿ ರೊಚ್ಚಿಗೆದ್ದ ಪ್ರೇಕ್ಷಕರ ಒತ್ತಾಯ ಎಷ್ಟಿತ್ತೆಂದರೆ, ಟಿಕೆಟ್ ಹಣ ಹಿಂತಿರುಗಿಸಲು ಟೈರು ಕಂಪನಿಯೇ ಮುಂದಾಯಿತು.

ಮೂರನೆಯ ನಿದರ್ಶನ ನನ್ನಂತಹ ಹಳೆಯ ಅಧಿಕಾರಿಗೆ ಹೆಚ್ಚು ಹತ್ತಿರವಾದದ್ದು. 2021ರ ಡಿಸೆಂಬರ್ 12ರಂದು ಅಬುಧಾಬಿಯ ಕೊನೆಯ ಓಟಕ್ಕೆ ಬಂದಾಗ ಲೂಯಿಸ್ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ಇಬ್ಬರ ಅಂಕವೂ 369.5. ಓಟ ಮುಗಿಯಲು ಕೆಲವೇ ಸುತ್ತುಗಳಿರುವಾಗ ನಿಕೊಲಸ್ ಲತೀಫಿಯ ಕಾರು ಗೋಡೆಗೆ ಬಡಿಯಿತು. ಸುರಕ್ಷತಾ ಕಾರಿನ ಹಿಂದೆ ಎಲ್ಲರೂ ಸಾಲುಗಟ್ಟಿದಾಗ ಓಟದ ನಿರ್ದೇಶಕರು ಒಂದು ಸುತ್ತು ಹಿಂದಿದ್ದ ಕಾರುಗಳ ಪೈಕಿ ಇವರಿಬ್ಬರ ನಡುವೆ ಇದ್ದ ಐದನ್ನು ಮಾತ್ರ ಮುಂದೆ ಬಿಟ್ಟು, ಕೊನೆಯ ಸುತ್ತಿಗೆ ಓಟವನ್ನು ಮತ್ತೆ ತೆರೆದರು. ಹೊಸ ಟೈರು ತೊಟ್ಟಿದ್ದ ವರ್ಸ್ಟಾಪನ್ ಆ ಒಂದೇ ಸುತ್ತಿನಲ್ಲಿ ಹ್ಯಾಮಿಲ್ಟನ್‌ನನ್ನು ದಾಟಿ ಚಾಂಪಿಯನ್ ಆದ.

ಎರಡೂ ಕಡೆಯ ತಂಡಗಳು ರೇಡಿಯೊದಲ್ಲಿ ನೇರವಾಗಿ ಒತ್ತಡ ಹೇರುತ್ತಿರುವಾಗ, ಕೆಲವೇ ನಿಮಿಷಗಳಲ್ಲಿ ವಿವೇಚನಾಧಿಕಾರ ಚಲಾಯಿಸಬೇಕಾದವನ ಸ್ಥಿತಿ ನನಗೆ ಅಪರಿಚಿತವಲ್ಲ. ನಿಯಮದ ಒಂದು ಪದವನ್ನು ಹೇಗೆ ಓದಬೇಕೆಂಬುದರ ಮೇಲೆ ಎಷ್ಟು ಬದುಕುಗಳು ತೂಗುತ್ತವೆ ಎಂಬುದನ್ನು ಕಡತಗಳ ನಡುವೆ ಬಾಳಿದವರೆಲ್ಲರೂ ಬಲ್ಲರು. ಜಾಗತಿಕ ಸಂಸ್ಥೆ ವಿಚಾರಣೆ ನಡೆಸಿತು. ನಿರ್ದೇಶಕರನ್ನು ಆ ಹುದ್ದೆಯಿಂದ ಬದಲಿಸಲಾಯಿತು. 2022ರ ಮಾರ್ಚ್‌ನ ವರದಿ ಅವರು ಸದ್ಭಾವನೆಯಿಂದಲೇ ನಡೆದುಕೊಂಡರೆಂದೂ, ಆದರೆ ಮಾನವ ಸಹಜ ತಪ್ಪು ಸಂಭವಿಸಿತ್ತೆಂದೂ ಹೇಳಿ, ಫಲಿತಾಂಶವನ್ನು ಹಾಗೆಯೇ ಉಳಿಸಿತು. ನಿಯಮದಲ್ಲಿ ‘ಯಾವುದೇ’ ಕಾರುಗಳು ಎಂದಿದ್ದ ಜಾಗಕ್ಕೆ ‘ಎಲ್ಲ’ ಕಾರುಗಳು ಎಂಬ ಪದ ಬಂತು. ಒಂದು ಪದದ ಬದಲಾವಣೆ. ಜಗತ್ತಿನಾದ್ಯಂತ ಎದ್ದ ಕೋಲಾಹಲವಿಲ್ಲದೆ ಅದು ಅಷ್ಟು ಬೇಗ ಆಗುತ್ತಿತ್ತೇ ಎಂಬುದು ಅನುಮಾನ.

ಈ ಮೂರರಲ್ಲಿ ಒಂದು ಸಮಾನ ಅಂಶವಿದೆ. ಜನರ ಸಿಟ್ಟು ನಿಯಮದ ಮೇಲೆ, ಆದೇಶದ ಮೇಲೆ, ಹೊಣೆ ಹೊತ್ತ ಸಂಸ್ಥೆಯ ಮೇಲೆ ಬಿದ್ದಾಗ ಫಲ ಕಂಡಿದೆ. ಅದೇ 2021ರಲ್ಲಿ ಆ ಸಿಟ್ಟಿನ ಇನ್ನೊಂದು ಪಾಲು ಲತೀಫಿಯ ಮೇಲೆ ಬಿತ್ತು. ಕಾರು ಜಾರಿದ್ದೇ ಆತನ ಅಪರಾಧ. ಕೊಲೆ ಬೆದರಿಕೆಗಳು ಬಂದವು. ಕೆಲಕಾಲ ಅಂಗರಕ್ಷಕರನ್ನು ಇಟ್ಟುಕೊಳ್ಳಬೇಕಾಯಿತೆಂದು ಆತನೇ ನಂತರ ಹೇಳಿಕೊಂಡ. ಅದರಿಂದ ಯಾವ ನಿಯಮವೂ ತಿದ್ದುಪಡಿಯಾಗಲಿಲ್ಲ, ಹ್ಯಾಮಿಲ್ಟನ್‌ಗೆ ಒಂದು ಅಂಕವೂ ಸೇರಲಿಲ್ಲ. ನಾಲ್ಕು ವರ್ಷಗಳ ನಂತರ ಆಂಟೊನೆಲ್ಲಿಯ ವಿಷಯದಲ್ಲಿ ಅದೇ ಮರುಕಳಿಸಿತು. ಆತ ಬೇಕೆಂದೇ ದಾರಿ ಬಿಟ್ಟಂತೆ ತೋರಿತೆಂದು ಮೊದಲು ಆಡಿದವರು ವರ್ಸ್ಟಾಪನ್ನನ ತಂಡದವರೇ. ಮರುದಿನ ಆ ತಂಡ ವಿಷಾದ ವ್ಯಕ್ತಪಡಿಸಿತು. ಅಷ್ಟರಲ್ಲಿ ಸಾವಿರಾರು ಬೆರಳುಗಳು ಕೆಲಸ ಮುಗಿಸಿದ್ದವು.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಸಂಸ್ಥೆಯೊಂದು ಕೆಟ್ಟಾಗ ಅದನ್ನು ನೆಚ್ಚಿದವರಿಗೆ ಎರಡು ದಾರಿಗಳಿರುತ್ತವೆ: ಬಿಟ್ಟು ಹೋಗುವುದು, ಇಲ್ಲವೇ ದನಿ ಎತ್ತುವುದು. ನಿಷ್ಠೆಯುಳ್ಳವನು ಸುಲಭವಾಗಿ ಬಿಟ್ಟು ಹೋಗಲಾರ. ಸೋಪು ಚೆನ್ನಾಗಿಲ್ಲದಿದ್ದರೆ ಬೇರೆ ಸೋಪು ಕೊಳ್ಳುತ್ತೇವೆ. ಆದರೆ ಹತ್ತು ವರ್ಷ ಒಬ್ಬ ಚಾಲಕನನ್ನು ಹಿಂಬಾಲಿಸಿದವನು ಸೋತ ಮರುದಿನ ಬೇರೊಬ್ಬನನ್ನು ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಅವನಿಗೆ ಉಳಿದದ್ದು ದನಿ. ಆ ದನಿಗೆ ಸರಿಯಾದ ಕಿಂಡಿ ಇಲ್ಲದಿದ್ದಾಗ ಅದು ಎಲ್ಲಿ ಗೋಡೆ ತೆಳುವಾಗಿದೆಯೋ ಅಲ್ಲಿ ಒಡೆಯುತ್ತದೆ. ತಂಡದ ಆಡಳಿತ ಮಂಡಳಿಯ ಬಾಗಿಲು ಮುಚ್ಚಿದೆ. ಹತ್ತೊಂಬತ್ತರ ಹುಡುಗನ ಖಾತೆ ತೆರೆದಿದೆ.

ಭಾರತದ ಅಭಿಮಾನಿಗೆ ಈ ಕಿಂಡಿ ಇನ್ನೂ ಕಿರಿದು. 2011ರಿಂದ 2013ರವರೆಗೆ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಮೂರು ಓಟಗಳು ನಡೆದವು. ಇದು ಕ್ರೀಡೆಯಲ್ಲ, ಮನರಂಜನೆ ಎಂದು ಉತ್ತರ ಪ್ರದೇಶ ಸರ್ಕಾರ ತೆರಿಗೆ ವಿಧಿಸಲು ಹೊರಟಿತು. ತೆರಿಗೆಯ ತೊಡಕುಗಳ ನಡುವೆ ಓಟ ನಿಂತಿತು. ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡ 2009ರಲ್ಲಿ ಬೆಲ್ಜಿಯಂನಲ್ಲಿ ಎರಡನೆಯ ಸ್ಥಾನ ಪಡೆದಾಗ ನಾವು ಹಿಗ್ಗಿದೆವು. 2018ರಲ್ಲಿ ಅದು ಆಡಳಿತಾಧಿಕಾರಿಗಳ ಕೈ ಸೇರಿದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಕೇಬಲ್ ಟಿವಿಯಲ್ಲಿ ಬರುತ್ತಿದ್ದ ನೇರ ಪ್ರಸಾರ 2022ರ ಋತುವಿನೊಂದಿಗೆ ಮುಗಿದು, ಈ ಆಟ ಚಂದಾ ಕಟ್ಟಿ ಅಂತರಜಾಲದಲ್ಲಿ ನೋಡುವ ಸರಕಾಯಿತು. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ಓಟ ಗೆದ್ದಾಗ ನಮ್ಮೂರಿನ ಎಷ್ಟು ಮನೆಗಳಿಗೆ ಆ ಸುದ್ದಿ ತಲುಪಿತೋ! ಹಣ ಕೊಡುವವನು, ಆದರೆ ಮೈದಾನವನ್ನೂ ಕಾಣದವನು, ಮಾತಿಗೂ ಸಿಗದವನು: ಇದು ನಮ್ಮ ಅಭಿಮಾನಿಯ ಪಾಡು.

ಇದಕ್ಕೆ ವಿರುದ್ಧವಾದ ಚಿತ್ರ ನನ್ನ ಮನೆಯಿಂದ ದೂರವೇನಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ಭಾಗವಹಿಸಿದ್ದವು. ಅಲ್ಲಿ ಸಿಟ್ಟಿರಲಿಲ್ಲವೆಂದು ಯಾರೂ ಭಾವಿಸಬೇಕಿಲ್ಲ. ಅಂಪೈರ್‌ನ ಸೀಟಿಗೆ ಗ್ಯಾಲರಿಯಿಂದ ಬಂದ ಮಾತುಗಳನ್ನು ಇಲ್ಲಿ ಅಚ್ಚು ಹಾಕಲಾಗದು. ಆದರೆ ಕೂಗಿದವನ ಮುಖ ಎಲ್ಲರಿಗೂ ಕಾಣುತ್ತಿತ್ತು. ಅವನು ಯಾವ ಮನೆಯವನೆಂದು ಪಕ್ಕದವನಿಗೆ ಗೊತ್ತಿತ್ತು. ಗೋಲು ತಪ್ಪಿಸಿದ ಹುಡುಗ ಮುಂದಿನ ತಿಂಗಳು ಯಾವುದೋ ಮದುವೆಯಲ್ಲಿ ಎದುರಾಗುವವನು. ಈ ಅರಿವು ನಾಲಿಗೆಗೆ ತಾನಾಗಿಯೇ ಲಗಾಮು ಹಾಕುತ್ತದೆ. ಜಾಗತಿಕ ಕ್ರೀಡೆಯನ್ನು ಹಳ್ಳಿಯ ಮೈದಾನಕ್ಕೆ ತರಲಾಗದು, ನಿಜ. ಆದರೆ ಮುಖವಿರುವ ಸಿಟ್ಟಿಗೂ ಮುಖವಿಲ್ಲದ ಸಿಟ್ಟಿಗೂ ಇರುವ ಅಂತರವನ್ನು ಅಲ್ಲಿಂದ ಕಲಿಯಬಹುದು.

ಸೇವೆಯಲ್ಲಿದ್ದಾಗ ನನ್ನ ಮೇಜಿಗೂ ಮೂಕರ್ಜಿಗಳು ಬರುತ್ತಿದ್ದವು. ಹೆಸರಿಲ್ಲ, ವಿಳಾಸವಿಲ್ಲ, ಬೈಗುಳ ಧಾರಾಳ. ಒಮ್ಮೆ ಮಕ್ಕಳ ಹೆಸರೆತ್ತಿ ಬಂದ ಪತ್ರವನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಹಿ ಮಾಡಿದ ಅರ್ಜಿಗೆ ಉತ್ತರ ಕೊಡಲೇಬೇಕಿತ್ತು. ಅದರಿಂದ ನನ್ನ ಆದೇಶವನ್ನು ನಾನೇ ತಿದ್ದಿಕೊಂಡದ್ದೂ ಉಂಟು. ಮೂಕರ್ಜಿ ಎಂದೂ ಯಾವ ಆದೇಶವನ್ನೂ ತಿದ್ದಲಿಲ್ಲ, ಓದಿದವನ ಮನಸ್ಸನ್ನು ಮಾತ್ರ ಕೆಡಿಸಿತು. ನನಗೆ ಬಂದದ್ದು ವರ್ಷಕ್ಕೆ ಐದಾರು. ಆಂಟೊನೆಲ್ಲಿಗೆ ಒಂದೇ ಬಾರಿಗೆ ಸಾವಿರಕ್ಕೂ ಹೆಚ್ಚು.

ಹಾಗಾದರೆ ಆಗಬೇಕಾದದ್ದೇನು? ಓಟದ ತೀರ್ಪುಗಾರರು ತಮ್ಮ ನಿರ್ಣಯಗಳನ್ನು ಈಗಾಗಲೇ ಕಾರಣ ಸಹಿತ ಪ್ರಕಟಿಸುತ್ತಾರೆ. ಫಲಿತಾಂಶವನ್ನು ಬದಲಿಸುವ ತಂಡದ ಆದೇಶಗಳಿಗೂ ಅದೇ ಕಟ್ಟುಪಾಡು ಬರಲಿ. ಆದೇಶ ಕೊಟ್ಟ ಅಧಿಕಾರಿ ಓಟದ ಮರುದಿನ ತನ್ನ ಹೆಸರಿನಲ್ಲಿ ಕಾರಣ ಬರೆದು ಒಪ್ಪಿಸಲಿ. ಅಭಿಮಾನಿಗಳ ಲಿಖಿತ ಆಕ್ಷೇಪಣೆಗಳನ್ನು ಋತುವಿನ ಕೊನೆಯಲ್ಲಿ ಕ್ರೋಡೀಕರಿಸಿ ಉತ್ತರಿಸುವ ವ್ಯವಸ್ಥೆ ಇರಲಿ. ನಿಂದನೆಯ ವಿರುದ್ಧ ಜಾಗತಿಕ ಸಂಸ್ಥೆ ಅಭಿಯಾನ ನಡೆಸುತ್ತಿರುವುದು ಸ್ವಾಗತಾರ್ಹ. ಆದರೆ ಬಾಯಿ ಮುಚ್ಚಿಸುವ ಕೆಲಸಕ್ಕಿಂತ ಕಿವಿ ತೆರೆಯುವ ಕೆಲಸ ಹೆಚ್ಚು ಫಲ ಕೊಡುತ್ತದೆ ಎಂಬುದು ಆಡಳಿತದ ಅನುಭವ.

ಅಭಿಮಾನಿಯ ಪಾಲಿನ ಹೊಣೆ ಇನ್ನೂ ಸರಳ. ತನ್ನ ಹೆಸರು, ಊರು ಬರೆದು ಸಹಿ ಹಾಕಲು ಸಿದ್ಧನಿರುವ ಮಾತನ್ನಷ್ಟೇ ಬರೆಯುವುದು. ಊಟವಾದ ಮೇಲೆ ಅಳಿಯನಿಗೆ ನಾನು ಹೇಳಿದ್ದೂ ಇದನ್ನೇ. ಜೊತೆಗೆ ಆ ಹಳೆಯ ಪತ್ರದ ಕತೆಯನ್ನೂ ಹೇಳಿದೆ. ಅವನು ವಾದಿಸಲಿಲ್ಲ, ಒಪ್ಪಿಕೊಂಡೆ ಎಂದೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಮೊಬೈಲ್ ತೆರೆದು ತೋರಿಸಿದ. ಹಳೆಯ ಸಾಲನ್ನು ಅಳಿಸಿದ್ದ. ಅದರ ಬದಲು ಇಂಗ್ಲಿಷಿನಲ್ಲಿ ಎರಡು ಸಾಲಿನ ಕ್ಷಮಾಪಣೆ ಬರೆದಿದ್ದ. ಕೆಳಗೆ ಅವನ ಪೂರ್ಣ ಹೆಸರಿತ್ತು.