ಅದಿರುವ ಚರ್ಮ ಹೇಳುವುದೇನು?

ನಿನ್ನೆಯವರೆಗೆ ಬೆನ್ನು ಸವರಿದರೆ ಬಾಲವಾಡಿಸುತ್ತಿದ್ದ ಸಾಕುನಾಯಿ ಇಂದು ಕೈ ತಗುಲಿದೊಡನೆಯೇ ಬೆಚ್ಚುತ್ತದೆ. ಅದರ ಬೆನ್ನಿನ ಚರ್ಮ ಅಲೆಯಲೆಯಾಗಿ ಅದಿರುತ್ತದೆ. ನಾಯಿ ಸರಕ್ಕನೆ ತಿರುಗಿ ತನ್ನ ಸೊಂಟವನ್ನೇ ನೋಡಿಕೊಳ್ಳುತ್ತದೆ. ಕೆಲವು ವೇಳೆ ಗುರುಗುಟ್ಟುವುದೂ ಉಂಟು. ಇಂಥ ಹೊತ್ತಿನಲ್ಲಿ ಮನೆಮಂದಿಯೆಲ್ಲರೂ ವೈದ್ಯರಾಗಿಬಿಡುತ್ತಾರೆ. ಒಬ್ಬರು ಉಷ್ಣವೆನ್ನುತ್ತಾರೆ, ಇನ್ನೊಬ್ಬರು ನರದೌರ್ಬಲ್ಯವೆನ್ನುತ್ತಾರೆ, ಮೂರನೆಯವರು ದೃಷ್ಟಿ ತಾಗಿತೆನ್ನುತ್ತಾರೆ. ಹೆಸರಿಡುವುದಕ್ಕೆ ಇರುವ ಈ ಆತುರ ನೋಡುವುದಕ್ಕೆ ಇರುವುದಿಲ್ಲ.

ಭೌತಶಾಸ್ತ್ರವನ್ನು ಬೋಧಿಸುವವನಿಗೆ ನಾಯಿಯ ಚರ್ಮದ ಗೊಡವೆ ಏಕೆಂದು ವಾಚಕರು ಕೇಳಬಹುದು. ಪರಿಣಾಮವನ್ನು ಕಂಡು ಕಾರಣವನ್ನು ಅರಸುವ ಕೆಲಸ ಎಲ್ಲ ಶಾಸ್ತ್ರಗಳಿಗೂ ಸಮಾನವಾದುದು. ಆ ಕೆಲಸದಲ್ಲಿ ನಾವು ಎಷ್ಟು ಅಶಿಸ್ತಿನವರೆಂಬುದು ಪ್ರಯೋಗಶಾಲೆಗಿಂತ ಮನೆಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ತಪ್ಪಿದರೆ ಕಳೆಯುವುದು ನಾಲ್ಕು ಅಂಕಗಳು. ಇಲ್ಲಿ ತಪ್ಪಿದರೆ ನೋವು ತಿನ್ನುವುದು ಮಾತು ಬಾರದ ಒಂದು ಜೀವ.

ಮೊದಲು ಅದಿರುವಿಕೆಯ ಬಗೆಯನ್ನು ತಿಳಿಯೋಣ. ಮೈಮೇಲೆ ನೊಣ ಕುಳಿತಾಗ ಎತ್ತು ತಲೆಯನ್ನು ತಿರುಗಿಸದೆ, ಬಾಲವನ್ನೂ ಬೀಸದೆ, ಆ ಎಡೆಯ ಚರ್ಮವನ್ನು ಮಾತ್ರ ಅದಿರಿಸಿ ನೊಣವನ್ನು ಓಡಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎತ್ತು, ಕುದುರೆ, ನಾಯಿ, ಬೆಕ್ಕು ಮುಂತಾದ ಪ್ರಾಣಿಗಳ ಮುಂಡದ ಚರ್ಮದಡಿಯಲ್ಲಿ ತೆಳುವಾದ ಹಾಳೆಯಂಥ ಸ್ನಾಯುವೊಂದು ಹರಡಿಕೊಂಡಿದೆ. ಮನುಷ್ಯನಲ್ಲಿ ಅದು ಬಹುಮಟ್ಟಿಗೆ ಅಳಿದುಹೋಗಿದೆ. ಬೆನ್ನಿನ ಮೇಲಣ ಸೊಳ್ಳೆಯನ್ನು ಓಡಿಸಲು ನಮಗೆ ಕೈಯೇ ಬೇಕು. ನಾಯಿಯ ಬೆನ್ನನ್ನು ಏನಾದರೂ ಮುಟ್ಟಿದಾಗ ಸುದ್ದಿಯು ಜ್ಞಾನತಂತುಗಳ ಮೂಲಕ ಬೆನ್ನುಹುರಿಯನ್ನು ಸೇರಿ, ಅದರೊಳಗೆ ಮುಂದಕ್ಕೆ ಸಾಗಿ, ಕತ್ತೂ ಎದೆಯೂ ಕೂಡುವ ಎಡೆಯನ್ನು ತಲಪುತ್ತದೆ. ಅಲ್ಲಿಂದ ಹೊರಟ ಕ್ರಿಯಾತಂತು ಚರ್ಮದಡಿಯ ಸ್ನಾಯುವಿಗೆ ಆಜ್ಞೆಯನ್ನೊಯ್ಯುತ್ತದೆ. ಮಿದುಳಿನ ಅಪ್ಪಣೆಗೆ ಕಾಯಬೇಕಾದುದಿಲ್ಲ.

ಪಶುವೈದ್ಯರು ಈ ದಾರಿಯನ್ನೇ ಪರೀಕ್ಷೆಯ ಸಾಧನವಾಗಿ ಬಳಸುತ್ತಾರೆ. ಸೊಂಟದಿಂದ ಹೆಗಲಿನ ಕಡೆಗೆ ಬೆನ್ನಿನ ಚರ್ಮವನ್ನು ಮೆಲ್ಲನೆ ಚಿವುಟುತ್ತ ಬರುತ್ತಾರೆ. ಬೆನ್ನುಹುರಿಗೆ ತೀವ್ರವಾದ ಪೆಟ್ಟು ಬಿದ್ದಿದ್ದರೆ, ಆ ತಾಣಕ್ಕಿಂತ ಹಿಂದಿನ ಚರ್ಮವನ್ನು ಚಿವುಟಿದಾಗ ಅದಿರುವಿಕೆ ಕಾಣಿಸದು. ಮುಂದೆ ಬಂದಾಗ ಕಾಣಿಸುವುದು. ಹೀಗೆ ಅದಿರುವಿಕೆಯಂತೆಯೇ ಅದರ ಅಭಾವವೂ ಒಂದು ಸುದ್ದಿಯೇ. ಆದರೆ ಸುದ್ದಿಯನ್ನು ಓದಬಲ್ಲವರು ಬೇಕು.

ಅದಿರುವಿಕೆಯೊಂದನ್ನು ಕಂಡು ಕಾರಣ ಹೇಳಹೊರಟು ವಿದ್ವಾಂಸರೇ ವಾದಕ್ಕಿಳಿದ ಪ್ರಸಂಗ ಭೌತಶಾಸ್ತ್ರದ ಚರಿತ್ರೆಯಲ್ಲಿದೆ. ಇಟಲಿಯ ಬೊಲೋನ್ಯ ನಗರದ ಲುಯಿಗಿ ಗಾಲ್ವಾನಿಯು ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹಗಳು ತಗುಲಿದಾಗ ಅದು ಅದುರುವುದನ್ನು ಕಂಡು, ಪ್ರಾಣಿಯ ಮೈಯಲ್ಲಿಯೇ ವಿದ್ಯುತ್ತಿದೆಯೆಂದು 1791ರಲ್ಲಿ ಸಾರಿದನು. ಪಾವಿಯಾದ ಅಲೆಸ್ಸಾಂಡ್ರೋ ವೋಲ್ಟನು ಇದನ್ನೊಪ್ಪಲಿಲ್ಲ. ವಿದ್ಯುತ್ತು ಹುಟ್ಟಿದುದು ಲೋಹಗಳ ಸಂಪರ್ಕದಿಂದ, ಕಪ್ಪೆಯ ಕಾಲು ಅದನ್ನು ತೋರಿಸಿಕೊಟ್ಟ ಉಪಕರಣ ಮಾತ್ರ ಎಂದನು. ಆ ವಾದದಿಂದಲೇ 1800ರಲ್ಲಿ ವೋಲ್ಟನ ವಿದ್ಯುತ್ಕೋಶ ಜನಿಸಿತು. ನರಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆಂಬುದೂ ಮುಂದೆ ಸಿದ್ಧವಾಯಿತು. ಇಬ್ಬರೂ ಸತ್ಯದ ಒಂದೊಂದು ತುದಿಯನ್ನು ಹಿಡಿದಿದ್ದರು. ನಾವು ಕಲಿಯಬೇಕಾದ ಪಾಠವಿಷ್ಟೆ: ಅದುರಿದ ಸ್ನಾಯು ತನಗೆ ಸಂಕೇತ ಬಂದಿತೆಂದು ಮಾತ್ರ ಹೇಳುತ್ತದೆ, ಸಂಕೇತ ಎಲ್ಲಿಂದ ಬಂದಿತೆಂಬುದನ್ನು ಹೇಳುವುದಿಲ್ಲ.

ನಾಯಿಯ ವಿಷಯದಲ್ಲಿ ಸಂಕೇತದ ಮೂಲಗಳು ಹಲವು. ಎಲ್ಲಕ್ಕಿಂತ ಸಾಮಾನ್ಯವಾದುವು ಚರ್ಮದಲ್ಲಿಯೇ ಇವೆ: ಚಿಗಟ, ಉಣ್ಣೆ, ಕಜ್ಜಿಯ ಹುಳು, ಆಹಾರದ ಒಗ್ಗದಿಕೆ, ಒಣಗಿದ ಚರ್ಮ. ಚಿಗಟದ ಜೊಲ್ಲು ಒಗ್ಗದ ನಾಯಿಗೆ ಕೆಲವೇ ಕಡಿತಗಳು ಸಾಕು. ಬಾಲದ ಬುಡದ ಬಳಿ ತಾಳಲಾರದ ನವೆ ಹುಟ್ಟುತ್ತದೆ. ಹುಡುಕಿದಾಗ ಚಿಗಟ ಸಿಗದಿದ್ದರೆ ಚಿಗಟವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಅದರ ಮೊಟ್ಟೆಗಳೂ ಮರಿಗಳೂ ಕೋಶಗಳೂ ಇರುವುದು ನಾಯಿಯ ಮೈಮೇಲಲ್ಲ, ಅದು ಮಲಗುವ ಗೋಣಿಯಲ್ಲಿ, ಚಾಪೆಯಲ್ಲಿ, ನೆಲದ ಬಿರುಕಿನಲ್ಲಿ. ನಾಯಿಗೆ ಸ್ನಾನ ಮಾಡಿಸಿ ಗೋಣಿಯನ್ನು ಹಾಗೆಯೇ ಬಿಟ್ಟರೆ ಅರ್ಧ ಕೆಲಸವನ್ನೂ ಮಾಡಿದಂತಾಗುವುದಿಲ್ಲ.

ಇಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಷೆರಿಂಗ್ಟನ್ನನ ಶೋಧನೆಯೊಂದು ಸ್ಮರಣೀಯವಾದುದು. ನಾಯಿ ಬೆನ್ನಿನ ಕಡಿತಕ್ಕೆ ಹಿಂಗಾಲಿನಿಂದ ಕೆರೆದುಕೊಳ್ಳುವ ಕ್ರಿಯೆಯನ್ನು ಆತನು ವರ್ಷಗಟ್ಟಲೆ ಅಭ್ಯಾಸ ಮಾಡಿ, 1906ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಚಿಗಟದ ಕಡಿತಕ್ಕೆ ಬದಲಾಗಿ ಸಣ್ಣ ವಿದ್ಯುತ್ ಪ್ರಚೋದನೆಯನ್ನು ಬಳಸಿದನು. ಒಂದು ಎಡೆಯಲ್ಲಿ ಕೊಟ್ಟ ದುರ್ಬಲ ಪ್ರಚೋದನೆಗೆ ಕಾಲು ಮೇಲೇಳಲಿಲ್ಲ. ಅಷ್ಟೇ ದುರ್ಬಲವಾದ ಇನ್ನೊಂದನ್ನು ಪಕ್ಕದಲ್ಲಿ ಅದೇ ಹೊತ್ತಿಗೆ ಕೊಟ್ಟಾಗ ಎದ್ದಿತು. ಎರಡು ಅಲ್ಪಗಳು ಕೂಡಿ ಸಾಕಷ್ಟಾದುವು. ನವೆಯ ವಿಷಯದಲ್ಲಿಯೂ ಚರ್ಮವೈದ್ಯರು ಇಂಥ ಮಾತನ್ನೇ ಹೇಳುತ್ತಾರೆ. ಸ್ವಲ್ಪ ಒಣ ಚರ್ಮ, ಸ್ವಲ್ಪ ಒಗ್ಗದಿಕೆ, ಎರಡು ಚಿಗಟ ಒಂದೊಂದಾಗಿ ಬಂದರೆ ನಾಯಿ ತಾಳಿಕೊಳ್ಳಬಹುದು; ಮೂರೂ ಕೂಡಿದಾಗ ಮಿತಿ ಮೀರುತ್ತದೆ. ನಮಗೆ 'ಹಠಾತ್ತಾಗಿ' ಬಂದಂತೆ ತೋರುವುದು ಎಷ್ಟೋ ಸಲ ಮೆಲ್ಲಮೆಲ್ಲನೆ ಕೂಡುತ್ತ ಬಂದುದೇ ಆಗಿರುತ್ತದೆ.

ಆದರೆ ಮೂಲ ಚರ್ಮಕ್ಕಿಂತ ಆಳದಲ್ಲಿಯೂ ಇರಬಹುದು. ಬೆನ್ನೆಲುಬಿನ ನಡುವಣ ಮೆತ್ತೆ ಜರುಗಿ ನರವನ್ನೊತ್ತಿದರೆ ಮುಟ್ಟಿದಲ್ಲಿ ನೋವಾಗುತ್ತದೆ. ಉದ್ದ ಬೆನ್ನಿನ, ಗಿಡ್ಡ ಕಾಲಿನ ಡಾಕ್ಸ್‌ಹುಂಡ್ ಜಾತಿಯಲ್ಲಿ ಇದು ಹೆಚ್ಚು. ಡಿಸ್ಟೆಂಪರ್ ರೋಗದಲ್ಲಿ ಸ್ನಾಯುಗಳು ತಾಳಬದ್ಧವಾಗಿ ಸೆಳೆಯುತ್ತವೆ, ನಿದ್ರೆಯಲ್ಲಿಯೂ ನಿಲ್ಲದಿರಬಹುದು. ಹಾಲೂಡಿಸುವ ತಾಯಿನಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಕುಂದಿದರೆ ನಡುಕವೂ ಸೆಟೆತವೂ ಬರುತ್ತವೆ. ಅಲ್ಲಿ ಕೆಲವೇ ಗಂಟೆಗಳ ವಿಳಂಬ ಪ್ರಾಣವನ್ನು ಕೊಂಡೊಯ್ಯಬಲ್ಲುದು. ಇತ್ತ ಮಲಗಿ ನಿದ್ರಿಸುವ ಮರಿಯ ಕಾಲೂ ಮೀಸೆಯೂ ಒಮ್ಮೊಮ್ಮೆ ಮಿಡುಕುವುದು ರೋಗವೇ ಅಲ್ಲ. ಹೀಗೆ ಒಂದೇ ತೋರಿಕೆಗೆ ತೀರ ಕ್ಷುಲ್ಲಕವಾದುದೂ ತೀರ ಘೋರವಾದುದೂ ಕಾರಣವಾಗಬಲ್ಲುದು.

ಇದನ್ನು ಲೆಕ್ಕಿಸದೆ ಮಾಡುವ ಚಿಕಿತ್ಸೆಯೇ ನನ್ನ ಮುಖ್ಯ ಆಕ್ಷೇಪಣೆಗೆ ಗುರಿ. ಸೀಮೆಎಣ್ಣೆಯನ್ನು ಬಳಿಯುವವರಿದ್ದಾರೆ, ಅದು ಚರ್ಮವನ್ನು ಸುಡುತ್ತದೆ, ನಾಯಿ ನೆಕ್ಕಿದಾಗ ಒಳಗೂ ಸೇರುತ್ತದೆ. ಹೊಲಕ್ಕೆ ತಂದ ಕೀಟನಾಶಕವನ್ನೇ ನೀರಿಗೆ ಬೆರೆಸಿ ಮೈಗೆ ಸುರಿಯುವವರೂ ಇದ್ದಾರೆ. ಆರ್ಗನೋಫಾಸ್ಫೇಟ್ ಜಾತಿಯ ವಿಷಗಳ ಒಂದು ಪ್ರಧಾನ ಲಕ್ಷಣವೇ ಸ್ನಾಯುಗಳ ಅದುರುವಿಕೆ. ಅದಿರುವಿಕೆಗೆಂದು ಕೊಟ್ಟ ಮದ್ದು ಅದಿರುವಿಕೆಯನ್ನೇ ಹುಟ್ಟಿಸಿ, ರೋಗ ಉಲ್ಬಣಿಸಿತೆಂದು ಇನ್ನಷ್ಟು ಮದ್ದನ್ನು ಸುರಿಯುವಂತೆ ಮಾಡಬಲ್ಲುದು. ಮನುಷ್ಯರ ನೋವಿನ ಮಾತ್ರೆಯೂ ನಿರಪಾಯವಲ್ಲ; ಐಬುಪ್ರೊಫೆನ್ ನಾಯಿಯ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ನಾಯಿಯ ಚಿಗಟಕ್ಕೆ ಬಳಸುವ ಪರ್ಮೆತ್ರಿನ್ ಅದೇ ಮನೆಯ ಬೆಕ್ಕಿಗೆ ಮಾರಕವಾಗಬಹುದು.

ಇನ್ನೊಂದು ಎಚ್ಚರಿಕೆ. ಲಸಿಕೆ ಹಾಕಿಸದ ನಾಯಿಯೊಂದು ಹಠಾತ್ತಾಗಿ ಸ್ಪರ್ಶಕ್ಕೂ ಸದ್ದಿಗೂ ಬೆಚ್ಚಿ, ಸ್ವಭಾವವನ್ನೇ ಬದಲಿಸಿ, ಜೊಲ್ಲು ಸುರಿಸತೊಡಗಿದರೆ ರೇಬೀಸ್ ರೋಗವನ್ನು ಮರೆಯಕೂಡದು. ಅದನ್ನು ಸವರಿ ನೋಡಬಾರದು. ದೂರವಿರಿಸಿ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನುಷ್ಯನಲ್ಲಿ ಲಕ್ಷಣಗಳು ತೋರಿದ ಮೇಲೆ ಉಳಿಯುವುದು ತೀರ ಅಪರೂಪ. ಅದಕ್ಕೆ ಮೊದಲು ಕ್ರಮವಾಗಿ ಕೊಟ್ಟ ಚಿಕಿತ್ಸೆ ರೋಗವನ್ನು ತಡೆಯಬಲ್ಲುದು.

ಹಾಗಾದರೆ ವಿದ್ಯಾರ್ಥಿಗಳು ಮಾಡಬೇಕಾದುದೇನು? ರೋಗವನ್ನು ಹೆಸರಿಸುವುದು ನಿಮ್ಮ ಕೆಲಸವಲ್ಲ; ನೋಡಿ ಬರೆದಿಡುವುದು ನಿಮ್ಮ ಕೆಲಸ. ಅದಿರುವಿಕೆ ಮೈಯ ಯಾವ ಭಾಗದಲ್ಲಿ? ಮುಟ್ಟಿದಾಗ ಮಾತ್ರವೋ, ಮುಟ್ಟದೆಯೂ ಉಂಟೋ? ನಿದ್ರೆಯಲ್ಲಿ ನಿಲ್ಲುವುದೋ? ಎಷ್ಟು ಹೊತ್ತು ಇರುವುದು? ನಡಿಗೆ, ಆಹಾರ, ಮಲಮೂತ್ರಗಳಲ್ಲಿ ವ್ಯತ್ಯಾಸವಿದೆಯೋ? ಕಳೆದ ವಾರದಲ್ಲಿ ಹೊಸ ಆಹಾರ, ಹೊಸ ಸಾಬೂನು, ಹೊಸ ಔಷಧ ಏನಾದರೂ ಬಂದಿತೋ? ಕೂದಲಿನ ನಡುವೆ ಸಿಕ್ಕ ಕಪ್ಪು ಕಣಗಳನ್ನು ಒದ್ದೆಯಾದ ಬಿಳಿಯ ಕಾಗದದ ಮೇಲಿಡಿರಿ. ಕೆಂಗಂದು ಕಲೆ ಹರಡಿದರೆ ಅದು ಮಣ್ಣಲ್ಲ, ಚಿಗಟ ವಿಸರ್ಜಿಸಿದ ಜೀರ್ಣರಕ್ತ. ಇದಕ್ಕಿಂತ ಅಗ್ಗವಾದ ಪ್ರಯೋಗವುಂಟೆ? ಆದರೆ ಸೆಳವು, ತೂರಾಟ, ಹಿಂಗಾಲಿನ ನಿಶ್ಶಕ್ತಿ ಅಥವಾ ವಿಷದ ಸಂದೇಹ ಇದ್ದಲ್ಲಿ ಬರೆಯುತ್ತ ಕೂರದೆ ಆ ಕ್ಷಣವೇ ಹೊರಡಬೇಕು.

ಪಶುವೈದ್ಯರು ದೂರ, ವೆಚ್ಚ ಹೆಚ್ಚು ಎಂಬ ಮಾತನ್ನು ನಾನು ಬಲ್ಲೆ. ಅದು ಹಲವು ಊರುಗಳಲ್ಲಿ ನಿಜವೂ ಹೌದು. ಆದರೆ ವೈದ್ಯರು ದೂರವಿದ್ದಷ್ಟೂ ನಿಮ್ಮ ಟಿಪ್ಪಣಿಯ ಬೆಲೆ ಹೆಚ್ಚು. ಹತ್ತು ಮೈಲಿ ನಡೆದುಹೋಗಿ "ಏನೋ ಆಗಿದೆ" ಎನ್ನುವವನಿಗಿಂತ, "ಮೂರು ದಿನಗಳಿಂದ, ಸೊಂಟದ ಬಲಗಡೆ, ಮುಟ್ಟಿದಾಗ ಮಾತ್ರ" ಎನ್ನುವವನು ಆ ಪ್ರಯಾಣದ ಪ್ರಯೋಜನವನ್ನು ಪೂರ್ಣವಾಗಿ ಪಡೆಯುತ್ತಾನೆ. ನೋವನ್ನು ತೋರಿಸುವುದಷ್ಟೇ ನಾಯಿಗೆ ಸಾಧ್ಯ. ಅದನ್ನು ತಪ್ಪಿಲ್ಲದೆ ವರದಿ ಮಾಡುವ ಹೊಣೆ, ಅದಕ್ಕೆ ಅನ್ನವಿಕ್ಕಿ ನಂಬಿಸಿದ ನಮ್ಮದು.