ದೊಡ್ಡ ಎಂಜಿನ್ನಿಗೆ ಹಳೇ ಎಕ್ಸೆಲ್ ಸಾಕೇ?

ನಮ್ಮ ಕೊಡಗಿನಲ್ಲಿ ಹಳೇ ಜೀಪಿಗೆ ಸಾವಿಲ್ಲ. ತೋಟದವರ ಕಾಫಿ ಚೀಲಕ್ಕೂ ಅದೇ, ಹೆಬ್ಬಾಲೆ-ಶಿರಂಗಾಲ ಕಡೆ ಮಳೆ ನಂಬಿ ಮುಸುಕಿನ ಜೋಳ ಹಾಕುವ ನಮ್ಮಂಥವರ ಗೊಬ್ಬರಕ್ಕೂ ಅದೇ. ಈಗ ಅದಕ್ಕೆ ಹೆಚ್ಚು ಎಚ್‌ಪಿ ಎಂಜಿನ್ ಕೂರಿಸುವ ಆಸೆ ಹಲವರಿಗೆ. ಕೂರಿಸಲಿ, ಬೇಡ ಅನ್ನುವುದಿಲ್ಲ. ಆದರೆ ದುಡ್ಡು ಮೊದಲು ಹೋಗಬೇಕಾದ್ದು ಹಿಂದಿನ ಎಕ್ಸೆಲ್ಲಿಗೆ.

ಲೆಕ್ಕ ನೋಡಿ. ಯುದ್ಧಕಾಲದ ವಿಲ್ಲೀಸ್ ಜೀಪಿನ ಎಂಜಿನ್ 60 ಎಚ್‌ಪಿ. ಅದರ ಫಸ್ಟ್ ಗೇರ್ 2.67, ಲೋ ಗೇರ್ 1.97, ಕ್ರೌನ್-ಪಿನಿಯನ್ 4.88. ಮೂರನ್ನೂ ಗುಣಿಸಿದರೆ ಸುಮಾರು 26. ಎಂಜಿನ್ ತಿರುಚುವ ಬಲ ಅಷ್ಟು ಪಟ್ಟಾಗಿ ಎಕ್ಸೆಲ್‌ಗಳಿಗೆ ಬರುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ವಾಲಿದಾಗ ಹೆಚ್ಚಿನ ಪಾಲು ಹಿಂದಿನದಕ್ಕೇ. ಹೊಸ ಎಂಜಿನ್ನಿನ ಟಾರ್ಕ್ ಒಂದೂವರೆ ಪಟ್ಟಾದರೆ ಇದೂ ಒಂದೂವರೆ ಪಟ್ಟು. ಅದಕ್ಕೇ ಎಚ್‌ಪಿ ಒಂದೇ ಕೇಳಬೇಡಿ, ಟಾರ್ಕ್ ಕೇಳಿ. ಕೆಸರಲ್ಲಿ ಸುಮ್ಮನೆ ಸುತ್ತುವ ಚಕ್ರ ಗಕ್ಕನೆ ಕಲ್ಲು ಹಿಡಿದಾಗ ಬೀಳುವ ಪೆಟ್ಟು ಬೇರೆ.

ಆರಿಸುವುದು ಹೇಗೆ? ಒಂದು, ಶಾಫ್ಟಿನ ದಪ್ಪ. 30 ಮಿ.ಮೀ. ಇದ್ದದ್ದು 33 ಆದರೆ, ಅದೇ ಉಕ್ಕಿನಲ್ಲಿ, ತಿರುಚು ತಡೆಯುವ ಶಕ್ತಿ ಮೂರನೇ ಒಂದು ಪಾಲು ಹೆಚ್ಚುತ್ತದೆ. ಅಳೆಯುವುದು ಎಲ್ಲಿ ತೆಳುವೋ ಅಲ್ಲಿ, ಸ್ಪ್ಲೈನ್ ಹಲ್ಲಿನ ಬುಡವನ್ನೂ ಸೇರಿಸಿ.

ಎರಡು, ಫುಲ್ ಫ್ಲೋಟಿಂಗ್ ಸಿಕ್ಕರೆ ಬಿಡಬೇಡಿ. ಯುದ್ಧಕಾಲದ ವಿಲ್ಲೀಸಿನಲ್ಲೇ ಅದಿತ್ತು. ಅದರಲ್ಲಿ ಗಾಡಿಯ ಭಾರ ಹೊರುವುದು ಹೌಸಿಂಗ್. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಶಾಫ್ಟ್ ತುಂಡಾದರೂ ಚಕ್ರ ನಿಲ್ಲುತ್ತದೆ. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟಿಗೇ ಭಾರ. ತುಂಡಾದರೆ ಚಕ್ರವೇ ಕಳಚಬಹುದು. ಹಿಂದೆ ಕೆಲಸದವರು ಕೂತಿರುತ್ತಾರೆ, ಮರೆಯಬೇಡಿ.

ಮೂರು, ಶಾಫ್ಟ್ ಮಾತ್ರ ಗಟ್ಟಿ ಮಾಡಿದರೆ ಪೆಟ್ಟು ಕ್ರೌನ್-ಪಿನಿಯನ್ನಿಗೆ ಹೋಗುತ್ತದೆ. ಹೌಸಿಂಗ್ ಸಮೇತ ಪೂರಾ ಸೆಟ್ಟು ನೋಡಿ. ಹಿಂದಿನ ಹಲ್ಲಿನ ಲೆಕ್ಕ ಬದಲಾದರೆ ಫೋರ್ ವೀಲ್ ಗಾಡಿಯಲ್ಲಿ ಮುಂದಿನದೂ ಹಾಗೇ ಬದಲಾಗಬೇಕು. ಬೆಸುಗೆ ಹಾಕಿದ ಶಾಫ್ಟ್ ಎಷ್ಟು ಅಗ್ಗ ಆದರೂ ಬೇಡ. ಬೆಸುಗೆ ಬಿಸಿಗೆ ಉಕ್ಕಿನ ಹದ ಕೆಡುತ್ತದೆ.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಓ ಅನುಮತಿ ಮೊದಲೇ ಬೇಕು. ಕಾಗದ ಸರಿ ಇಲ್ಲದಿದ್ದರೆ ಅಪಘಾತ ಆದಾಗ ವಿಮೆಗೂ ತಕರಾರು.

ಇಷ್ಟು ಖರ್ಚು ಕೈಗೆಟುಕದಿದ್ದರೆ ಹಳೇ ಎಂಜಿನ್ನನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು ಮೇಲು. ನಮ್ಮ ಏರಿಗೆ ಬೇಕಾದ್ದು ಲೋ ಗೇರು, ಓಟ ಅಲ್ಲ. ಎಕ್ಸೆಲ್ ಬದಲಿಸಿ ಓಡಿಸುತ್ತಿರುವವರು ಎಷ್ಟು ಖರ್ಚಾಯಿತು, ಎಷ್ಟು ಬಾಳಿಕೆ ಬಂತು ಅಂತ ಈ ಪುಟಕ್ಕೆ ಬರೆದರೆ ಉಳಿದವರಿಗೆ ಉಪಕಾರ.